ಹುಣಸೆಯ ಶಾವಿಗೆ

ಪೆಟ್ರೋಲಿನ ದೊಡ್ಡ ಗರಗಸ ಮೂರು ಸಲ ಕೆಮ್ಮಿ, ನಾಲ್ಕನೆಯ ಸಲಕ್ಕೆ ಕೋಣದಂತೆ ಗುಟುರು ಹಾಕಿದಾಗ ಕರೆವ್ವನ ಖಾನಾವಳಿಯ ಹಿತ್ತಲಿನಲ್ಲಿದ್ದ ಕೋಳಿಗಳೆಲ್ಲ ಗೋಡೆಯಾಚೆ ಹಾರಿದವು. ಅದನ್ನು ಹಿಡಿದಿದ್ದ ಯಮನಪ್ಪ ಮಾತ್ರ ಹಾರಲಿಲ್ಲ. ಗರಗಸಕ್ಕಿರುವಷ್ಟೇ ಹಲ್ಲು ತನಗೂ ಇವೆಯೆಂಬಂತೆ ಕಚ್ಚಿಕೊಂಡು ನಿಂತ. ಒಂದು ನಿಮಿಷವಾಗಿರಬೇಕು, ಬಲ ರಟ್ಟೆ ನಡುಗಿತು. ಯಂತ್ರ ಮಾರಲು ತಂದಿದ್ದ ತೌಸೀಫ್ ಬಾಗಿ ಗುಂಡಿ ಒತ್ತಿ ಬಂದ್ ಮಾಡಿ, ತನ್ನ ಕೈಗೆ ಇಸಿದುಕೊಂಡ.

ಬೈಲಹೊಂಗಲದ ಆ ಖಾನಾವಳಿಯ ರೊಟ್ಟಿ ಒಲೆಗಳಿಗೆ ಇಪ್ಪತ್ತೆರಡು ವರ್ಷ ಕಟ್ಟಿಗೆ ಒಡೆದವನು ಯಮನಪ್ಪ. ಈಗ ರಟ್ಟೆಯ ಕೀಲು ಸವೆದಿದೆ. ಕೊಡಲಿ ಎತ್ತಕೂಡದೆಂದು ಡಾಕ್ಟರು ಹೇಳಿದ್ದಾರೆ. ಕರೆವ್ವ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿದ್ದಳು. ತೌಸೀಫ್ ತರುವ ಎರಡು ಗರಗಸಗಳಲ್ಲಿ ಯಾವುದಾದರೊಂದು ಯಮನಪ್ಪನ ಕೈಯಲ್ಲಿ ಹುಣಸೆ ಸೀಳಿದರೆ ಒಲೆಗಳು ಉಳಿಯುತ್ತವೆ. ಇಲ್ಲದಿದ್ದರೆ ಸೋಮವಾರ ಗ್ಯಾಸ್ ಬರುತ್ತದೆ, ಯಮನಪ್ಪ ಬಾಗಿಲ ಬಳಿ ಫ್ಯಾನಿನ ಕೆಳಗೆ ಕುಳಿತು ಊಟದ ಟೋಕನ್ ಹರಿದು ಕೊಡಬೇಕು. ಆ ಫ್ಯಾನಿನ ಗಾಳಿ ನೆನೆದರೇ ಅವನಿಗೆ ಬೆವರು.

ಕಟ್ಟಿಗೆಯೂ ಅಂಥದ್ದೇ ಬಂದಿತ್ತು. ಮುನವಳ್ಳಿ ಕಡೆಯ ಹಳೆಯ ಹುಣಸೆ ಮರ. ಒಂದಡಿ ಉದ್ದದ ತುಂಡುಗಳು, ಒಂದೊಂದೂ ಒರಳುಕಲ್ಲಿನಷ್ಟು ದಪ್ಪ. ಒಳಗಿನ ಎಳೆ ಜಡೆ ಹೆಣೆದಂತೆ ತಿರುಚಿಕೊಂಡು, ಕೊಡಲಿ ಬಿದ್ದರೆ ಕೊಡಲಿಯೇ ಪುಟಿಯುತ್ತಿತ್ತು. ಒಲೆಗೆ ಒಲಿಯದ ಕಟ್ಟಿಗೆ.

ತೌಸೀಫ್ ಸಣ್ಣ ಗರಗಸ ಹೊರತೆಗೆದ. ಅದು ಕಟ್ಟಿಗೆ ಕೊರೆಯುವ ಮೊದಲು ಇವನೇ ಕಾಲು ಗಂಟೆ ಕೊರೆದ. ಬ್ಯಾಟರಿಯದು, ಹೊಗೆ ಇಲ್ಲ, ಕೂಸಿನಷ್ಟು ಹಗುರ ಎಂದು ಹೇಳಿ, ದೊಡ್ಡದರ ಗುಟುರನ್ನೂ ಸಣ್ಣದರ ಗುಂಯ್‌ಗುಟ್ಟುವಿಕೆಯನ್ನೂ ಬಾಯಲ್ಲೇ ಮಾಡಿ ತೋರಿಸಿದ. ಚಾರ್ಜ್ ಮಾಡಿದರೆ ನಡೆಯುತ್ತದೆ ಎಂದದ್ದಕ್ಕೆ, ನಮ್ಮ ಯಮನಪ್ಪನೂ ಹಾಗೆಯೇ, ಚಹಾ ಕುಡಿಸಿದರೆ ನಡೆಯುತ್ತಾನೆ ಎಂದು ಕರೆವ್ವ ಅಡಿಗೆಮನೆಯ ಬಾಗಿಲಿನಿಂದಲೇ ಹೇಳಿದಳು.

ಯಮನಪ್ಪ ಒಂದು ತುಂಡನ್ನು ನೆಟ್ಟಗೆ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಗರಗಸ ಇಟ್ಟ. ರಟ್ಟೆ ನಡುಗಲಿಲ್ಲ. ಆದರೆ ಹುಣಸೆಯೂ ನಡುಗಲಿಲ್ಲ. ಐದು ನಿಮಿಷಕ್ಕೆ ಅಲಗು ಎರಡು ಬೆರಳಿನಷ್ಟು ಇಳಿಯಿತು. ಸಣ್ಣ ಪುಡಿ ಉದುರಿತು, ಸುಟ್ಟ ವಾಸನೆ ಎದ್ದಿತು, ಬ್ಯಾಟರಿಯ ನಾಲ್ಕು ದೀಪಗಳಲ್ಲಿ ಎರಡು ಆರಿದವು. ತೌಸೀಫ್ ಸುಳ್ಳು ಹೇಳುವವನಲ್ಲ. ಸಣ್ಣದು ಟೊಂಗೆ ಕೊಯ್ಯುವುದಕ್ಕೇ ಸರಿ, ಹುಣಸೆ ಸೀಳಲು ದೊಡ್ಡದೇ ಬೇಕು ಎಂದು ಒಪ್ಪಿಕೊಂಡ.

ಯಮನಪ್ಪ ಗರಗಸವನ್ನು ಮೆಲ್ಲಗೆ ಕೆಳಗಿಟ್ಟ.

"ಟೋಕನ್ ಯಾವ ಬಣ್ಣದ್ದು ಮಾಡ್ಸೀರಿ, ಅಕ್ಕಾರ?"

ಕರೆವ್ವ ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ ಹೊರಗೆ ಬಂದು, ಉದುರಿದ ಪುಡಿಯನ್ನು ಚಿಟಿಕೆಯಲ್ಲಿ ಹಿಡಿದು ತಿಕ್ಕಿ ನೋಡಿದಳು.

"ಇದು ಹಿಟ್ಟಾಗೇತಿ. ಎಳಿ ತುದೀನ ಕಡದ್ರ ಹಿಟ್ಟ ಬೀಳೂದು. ತುಂಡು ಮಲಗ್ಸೋ ಯಮನಪ್ಪ."

"ಇಪ್ಪತ್ತೆರಡು ವರ್ಷ ನಿಂದ್ರಿಸೇ ಒಡದೇನ್ರಿ."

"ಕೊಡ್ಲಿಗೆ ನಿಂದ್ರಬೇಕು, ಗರಗಸದ ಹಲ್ಲಿಗೆ ಮಲಗಬೇಕು. ಶಾವಗಿ ಹೊಸಿಯೂವಾಗ ಎಳಿ ಹೋದ ಕಡೇನ ಕೈ ಹೋಗ್ತೈತಿ. ಅಡ್ಡ ಹೋದ್ರ ಹರೀತೈತಿ."

ಅಂದರೆ ಅಡ್ಡ ಕೊಯ್ಯಬೇಕೋ ಉದ್ದ ಕೊಯ್ಯಬೇಕೋ ಎಂದು ತೌಸೀಫ್ ಗೊಂದಲಕ್ಕೆ ಬಿದ್ದ.

"ಅಡ್ಡ ಮಲಗ್ಸಿ ಉದ್ದ ಕೊಯ್ಯೂದು" ಎಂದಳು ಕರೆವ್ವ.

ಮಾತು ತೌಸೀಫನ ತಲೆಗೆ ಇಳಿಯುವ ಮೊದಲೇ ಗರಗಸ ಹುಣಸೆಗೆ ಇಳಿಯಿತು. ಉರುಳದಂತೆ ಎರಡೂ ಬದಿ ಕಲ್ಲು ಕೊಟ್ಟು ಮಲಗಿಸಿದ ತುಂಡಿನ ಬೆನ್ನಿನ ಮೇಲೆ, ಎಳೆಯ ಗುಂಟ ಅಲಗನ್ನು ಉದ್ದಕ್ಕೆ ಇಟ್ಟಿದ್ದ ಯಮನಪ್ಪ. ಪುಡಿ ನಿಂತಿತು. ಶಾವಿಗೆ ಬರತೊಡಗಿತು! ಗೇಣುದ್ದದ ಸುರುಳಿ ಸುರುಳಿ ಶಾವಿಗೆ, ಮೊದಲು ತಿಳಿ ಹಳದಿ, ನಡುವಿಗೆ ಹೋದಂತೆ ಕಂದು. ಅದು ಚೈನಿನ ಬಾಯಿಗೆ ಸಿಕ್ಕು ಹಾಕಿಕೊಂಡಾಗ ಗರಗಸವನ್ನು ತುಸು ಎತ್ತಿ ಉದುರಿಸುವುದನ್ನು ತೌಸೀಫ್ ಕಲಿಸಿದ. ಮೂರನೆಯ ದೀಪ ಆರುವುದರೊಳಗೆ ಹುಣಸೆ ಎರಡು ಹೋಳಾಗಿ ಆಚೀಚೆ ಮಗ್ಗುಲಾಯಿತು.

ತೌಸೀಫ್ ದೊಡ್ಡದನ್ನೂ ಹಾಗೆಯೇ ಹಚ್ಚಿ ನೋಡಿದ. ಅದು ಅರ್ಧ ನಿಮಿಷದಲ್ಲಿ ಸೀಳಿ, ಬುಟ್ಟಿ ತುಂಬುವಷ್ಟು ಶಾವಿಗೆಯ ರಾಶಿ ಹಾಕಿತು. ಅದರ ತಾಕತ್ತಿಗೆ ಕರೆವ್ವನೂ ಭೇಷ್ ಎಂದಳು. ಆದರೆ ಅವಳು ನೋಡುತ್ತಿದ್ದದ್ದು ಯಮನಪ್ಪನ ರಟ್ಟೆಯನ್ನು. ದೊಡ್ಡದನ್ನು ಗಾಡಿಗೆ ಹೇರಲು ಹೇಳಿ, ಸಣ್ಣದರ ಜೊತೆ ಇನ್ನೊಂದು ಬ್ಯಾಟರಿ ಇಟ್ಟು ಹೋಗಲು ಹೇಳಿದಳು. ಮೂರು ತಾಲೂಕು ತಿರುಗಿ ಗರಗಸ ಮಾರಿದ್ದ ತೌಸೀಫ್, ತಾನು ಮಾರಿದ್ದು ಏನೆಂದು ಇವತ್ತು ಗೊತ್ತಾಯಿತು ಎನ್ನುತ್ತ ಅವಳಿಗೆ ಕೈಯೆತ್ತಿ ಸಲಾಮು ಮಾಡಿದ.

ಯಮನಪ್ಪನಿಗೆ ಇದ್ಯಾವುದೂ ಕೇಳಿಸಲಿಲ್ಲ. ಹೊಸ ಬ್ಯಾಟರಿ ಹಾಕಿಕೊಂಡು ಆಗಲೇ ನಾಲ್ಕನೆಯ ತುಂಡಿನಲ್ಲಿದ್ದ. ಗರಗಸ ಕಟ್ಟಿಗೆ ಮುಟ್ಟಿದಾಗಲೆಲ್ಲ ಅವನ ಎದೆಯಾಳದಿಂದ, ಕೊಡಲಿ ಬೀಸುವವರು ಬಿಡುವಂಥ "ಹ್ಹಾಂ" ಎಂಬ ಉಸಿರು ಹೊರಡುತ್ತಿತ್ತು.

ತೌಸೀಫನಿಗೆ ನಗು ತಡೆಯಲಾಗಲಿಲ್ಲ. "ಕಾಕಾ, ಮಷಿನ್ ಕೊಯ್ಯಾಕ ಹತ್ತೈತಿ. ನೀವ್ಯಾಕ ಹ್ಹಾಂ ಅಂತೀರಿ?"

ಯಮನಪ್ಪ ತಲೆ ಎತ್ತದೆ ಹೇಳಿದ: "ಕಟ್ಟಿಗಿಗೆ ಗೊತ್ತಾಗಬೇಕಲ್ಲಪಾ, ಕೊಯ್ಯಾಂವ ಯಾರು ಅಂತ."