ಎರಡನೆಯ ಸಾಲು

ಹೂಳಿದ ಕ್ರಮದಲ್ಲೇ ರಿಜಿಸ್ಟರಿನಲ್ಲಿದ್ದ ಆರುನೂರು ಹೆಸರುಗಳನ್ನು ಕಂಪ್ಯೂಟರಿಗೆ ಏರಿಸಲು ಗುಮಾಸ್ತನಿಗೆ ಹನ್ನೊಂದು ದಿನ ಹಿಡಿದಿತ್ತು. ಹೆಸರು ಕೆತ್ತಿದ ಕಲ್ಲುಗಳನ್ನು ನೆಡಲು ಕೂಲಿಯವರಿಗೆ ಒಂದೂವರೆ ತಿಂಗಳು. ಯಾರ ಕಲ್ಲನ್ನು ಎಲ್ಲಿ ನೆಡಬೇಕು ಎಂದು ಹೇಳುವ ನಕ್ಷೆಯನ್ನು ಮಾತ್ರ ಪ್ರೋಗ್ರಾಮರ್ ಒಂದೇ ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟಿದ್ದಳು.

ಈಗ ಅವಳು ಸ್ಮಶಾನದಲ್ಲಿ ಟ್ಯಾಬ್ ಹಿಡಿದು ನಿಂತಿದ್ದಳು. ಎರಡನೆಯ ಸಾಲಿನ ಎಡತುದಿಯಲ್ಲಿದ್ದ ಮೂವತ್ತೊಂದನೆಯ ಗುಂಡಿಯನ್ನು ಅಗೆಯಬೇಕಿತ್ತು. ಅರ್ಜಿ ಕೊಟ್ಟವನು ಒಬ್ಬ ದರ್ಜಿ. ಎರಡು ವರ್ಷದ ಹಿಂದೆ ಊರಿಗೆಲ್ಲ ಜ್ವರ ಹಬ್ಬಿದಾಗ ಅವನ ಹೆಂಡತಿಯೂ ನಾಲ್ಕು ವರ್ಷದ ಮಗಳೂ ಒಂದೇ ದಿನ ಹೋಗಿದ್ದರು. ಆಗ ಮನೆಯವರನ್ನು ಗೇಟಿನ ಒಳಗೆ ಬಿಡುತ್ತಿರಲಿಲ್ಲ. ವರ್ಷ ಕಳೆದು ಕಲ್ಲು ನೆಟ್ಟ ಮೇಲೆ ಬಂದು ನೋಡಿದರೆ, ತಾಯಿ ಮೊದಲ ಸಾಲಿನ ಬಲತುದಿಯಲ್ಲಿ, ಮಗಳು ಎರಡನೆಯ ಸಾಲಿನ ಎಡತುದಿಯಲ್ಲಿ.

"ಒಬ್ಬಳ ಹತ್ರ ಕೂತ್ರೆ ಇನ್ನೊಬ್ಬಳಿಗೆ ಬೆನ್ನು ಮಾಡ್ಬೇಕು ಮೇಡಂ," ಎಂದ ದರ್ಜಿ. "ಒಂದು ವರ್ಷದಿಂದ ಹೀಗೇ. ಮಗೂನ ಅವಳ ಪಕ್ಕಕ್ಕೆ ತಂದುಬಿಡಿ, ಸಾಕು."

ಮುಚ್ಚಿದ ಗುಂಡಿ ತೆಗೆಯಲು ಈಗಿನ ಕೆಲಸಗಾರರು ಒಪ್ಪಿರಲಿಲ್ಲ. ಹಾಗಾಗಿ ಆ ಆರುನೂರನ್ನೂ ತೋಡಿದ್ದ ಮುದುಕನಿಗೆ, ಕೆಲಸ ಬಿಟ್ಟು ಮನೆಯಲ್ಲಿದ್ದ ಗುದ್ದಲಿ ತಾತನಿಗೆ, ಹೇಳಿಕಳಿಸಿದ್ದರು. ತಾತ ಬಂದ, ಕಲ್ಲು ನೋಡಿದ, ಗುದ್ದಲಿಯನ್ನು ಹೆಗಲಿನಿಂದ ಇಳಿಸಲೇ ಇಲ್ಲ.

"ಇದು ಮೂವತ್ತೊಂದಲ್ಲ. ಅರವತ್ತು."

"ಇಲ್ಲ ತಾತ, ರಿಜಿಸ್ಟರ್ ಪ್ರಕಾರಾನೇ ಮಾಡಿರೋದು," ಎಂದಳು ಅವಳು. ಅವಳಿಗೆ ತನ್ನ ಕೆಲಸದ ಮೇಲೆ ಭರವಸೆಯಿತ್ತು. ಕಂಪ್ಯೂಟರಿನಲ್ಲಿ ಹೆಸರುಗಳು ಹಗ್ಗದಂತೆ ಒಂದೇ ಉದ್ದಕ್ಕೆ ಇದ್ದವು. ಮೂವತ್ತು ಮೂವತ್ತಕ್ಕೆ ತುಂಡು ಮಾಡಿ, ಒಂದರ ಕೆಳಗೊಂದು ಎಡದಿಂದ ಜೋಡಿಸು ಎಂದು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಿದ್ದಳು. ಅಳತೆಯಲ್ಲಿ ಒಂದು ಹೆಚ್ಚುಕಡಿಮೆಯಾದರೂ ಬರೆದದ್ದನ್ನು ಓಡಿಸುವ ಮೊದಲು ಪರೀಕ್ಷಿಸುವ ಅದರ ಕಂಪೈಲರ್ ಮುಂದಕ್ಕೆ ಬಿಡುವುದಿಲ್ಲ, ಬಾಗಿಲಲ್ಲೇ ನಿಲ್ಲಿಸುತ್ತದೆ. ಇಪ್ಪತ್ತು ಮೂವತ್ತಲಿ ಆರುನೂರು, ಅದು ತುಟಿಪಿಟಕ್ಕೆನ್ನಲಿಲ್ಲ. ಲೆಕ್ಕ ಸರಿಯಿದ್ದ ಮೇಲೆ ಜಾಗವೂ ಸರಿ ಎಂದುಕೊಂಡಿದ್ದಳು.

"ಎಲ್ಲಾ ಸಾಲೂ ಎಡದಿಂದಾನೇ ಶುರು ಅಂತ ಯಾರು ಹೇಳಿದ್ರು ಮಗಳೇ?" ತಾತ ಕೇಳಿದ. "ಮೂವತ್ತು ತೋಡಿ ಆ ತುದಿ ಮುಟ್ಟಿದೆ. ಹಾರೆ, ಹಗ್ಗ, ಹಲಗೆ ಎಲ್ಲಾ ಅಲ್ಲೇ ಬಿದ್ದಿದೆ. ಅಷ್ಟನ್ನೂ ಹೊತ್ಕೊಂಡು ಮತ್ತೆ ಈ ತುದಿಗೆ ಬರೋಕೆ ನನಗೇನು ತಲೆ ಕೆಟ್ಟಿತ್ತಾ? ಅಲ್ಲೇ ತಿರುಗ್ಕೊಂಡೆ, ಹೊಲ ಉಳೋನು ತಿರುಗ್ತಾನಲ್ಲ ಹಾಗೆ. ಒಂದು ಸಾಲು ಹೋಗ್ತಾ, ಒಂದು ಸಾಲು ಬರ್ತಾ."

"ಇದನ್ನ ಮೊದಲೇ ಹೇಳಬಾರ್ದಿತ್ತಾ ತಾತ?"

"ನೀವು ಗುಮಾಸ್ತರನ್ನ ಕೇಳಿದ್ರಿ. ನನ್ನನ್ನ ಯಾರು ಕೇಳಿದ್ರು?"

ಅವನು ಸಾಲಿನುದ್ದಕ್ಕೂ ನಡೆದು ಬಲತುದಿಗೆ ಹೋದ. ದರ್ಜಿ ಹಿಂದೆಯೇ ಓಡಿದ. ತಾಯಿಯ ಗುಂಡಿಯ ಕಾಲ್ದೆಸೆಯಲ್ಲಿ ಯಾರೋ ಮೇಷ್ಟರ ಹೆಸರಿನ ಕಲ್ಲಿತ್ತು. ತಾತ ಅದರ ಮುಂದಿನ ಮಣ್ಣನ್ನು ತೋರಿಸಿದ. "ಇಲ್ಲೇ ಕಣಪ್ಪ ನಿನ್ನ ಮಗಳು. ಸಣ್ಣ ಪೆಟ್ಟಿಗೆ. ಇಬ್ರೂ ಒಂದೇ ಗಾಡೀಲಿ ಬಂದ್ರು. ಅಗೆಯೋದೇನೂ ಬೇಡ, ಮೊದಲಿಂದ್ಲೂ ಜೊತೇಲೇ ಇದಾರೆ."

ದರ್ಜಿ ಎರಡು ಕಲ್ಲುಗಳ ನಡುವೆ ಮೆಲ್ಲಗೆ ಕುಳಿತು, ಎರಡೂ ಕೈಗಳನ್ನು ನೆಲಕ್ಕೆ ಊರಿದ.

ಪ್ರೋಗ್ರಾಮರ್ ಟ್ಯಾಬಿನಲ್ಲಿ ಒಂದು ಸಾಲು ಸೇರಿಸಿದಳು: ಒಂದು ಬಿಟ್ಟು ಒಂದು ಸಾಲನ್ನು ಹಿಂದುಮುಂದಾಗಿ ತಿರುಗಿಸು. ಪರದೆಯ ಮೇಲೆ ಹತ್ತು ಸಾಲುಗಳ ಮುನ್ನೂರು ಹೆಸರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಜಾಗ ಬದಲಿಸಿದವು. ನೆಲದ ಮೇಲಿನ ಕಲ್ಲುಗಳು ಇದ್ದಲ್ಲೇ ಇದ್ದವು.

"ಕಲ್ಲು ಕಿತ್ತು ಬೇರೆ ಕಡೆ ಇಡ್ಬಹುದು," ಎಂದ ತಾತ, ನಾಲ್ಕನೆಯ ಸಾಲಿನತ್ತ ನೋಡುತ್ತ. "ಆದ್ರೆ ಅವರಿಗೆ ಏನು ಹೇಳ್ತೀಯ?"

ಅಲ್ಲಿ ಒಬ್ಬ ಮುದುಕಿ ಸಣ್ಣ ಬಕೆಟ್ಟಿನಲ್ಲಿ ನೀರು ತಂದು, ಮಗನ ಹೆಸರಿದ್ದ ಕಲ್ಲನ್ನು ಒದ್ದೆಬಟ್ಟೆಯಿಂದ ಒರೆಸುತ್ತಿದ್ದಳು. ಮಗುವಿನ ಮುಖ ಒರೆಸುವ ಹಾಗೆ, ಮೂಲೆಮೂಲೆಗೂ ಬೆರಳು ಹಾಕಿ. ಪ್ರೋಗ್ರಾಮರ್ ಟ್ಯಾಬನ್ನು ಚೀಲಕ್ಕೆ ಹಾಕಿ ಅವಳತ್ತ ನಡೆದಳು. ದರ್ಜಿಗೆ ಮಗಳು ಸಿಕ್ಕಿದ್ದಳು. ಈ ಮುದುಕಿಗೆ ಮಗ ಇಲ್ಲಿಲ್ಲ ಎಂದು ಹೇಳಬೇಕಿತ್ತು. ಆಮೇಲೆ ಇನ್ನೂ ಇನ್ನೂರ ತೊಂಬತ್ತೆಂಟು ಮನೆಗಳಿಗೆ.