ಕಣದಲ್ಲಿ ಓಡಿದವನು

“ಇನ್ನೊಂದ್ಸಲ ಹಾಕವ್ವ,” ಎಂದಳು ಹುಚ್ಚಮ್ಮ.

ಮೊಬೈಲಿಂದ ಮೊಬೈಲಿಗೆ ಹರಿದಾಡಿ ತನ್ನ ಕೈಗೂ ಬಂದಿದ್ದ ತೋಟದ ಸಿಸಿಟಿವಿ ವಿಡಿಯೊವನ್ನು ಅನುಶ್ರೀ ಮತ್ತೆ ಹಾಕಿದಳು. ಕಂಪ್ಯೂಟರಿನ ಪರದೆಯ ಮೇಲೆ ಮಂಜು ಕವಿದ ಕಾಫಿ ಕಣ. ತೋಟದ ಸಂಜೆಯ ಸೈರನ್ ಕೂಗುತ್ತದೆ. ಸ್ಟೋರಿನ ಬಾಗಿಲಿಂದ ಮುಸುಕು ಹಾಕಿದ ಒಬ್ಬ ಹೊರಬೀಳುತ್ತಾನೆ. ಹೆಗಲ ಮೇಲೆ ಕರಿಮೆಣಸಿನ ಮೂಟೆ. ಸರಸರನೆ ಕಣ ದಾಟಿ ಮಂಜಿನೊಳಗೆ ಮಾಯ. ನಡುವೆ ಎಲ್ಲೋ ಕುಂಯ್ ಎಂಬ ಸಣ್ಣ ಸದ್ದು, ಹಕ್ಕಿಯದೋ ಬಾಗಿಲಿನದೋ.

“ನನ್ ಮಗ ಅಲ್ಲ ಕಣವ್ವ ಅದು.”

“ಗೊತ್ತು ಅತ್ತೆ.”

ಗೊತ್ತು ಎಂದರೆ ಕೇಳುವವರು ಯಾರು? ಮೂಟೆ ಹೊತ್ತು ಹೀಗೆ ಓಡುವವನು ತೋಟದ ಕೂಲಿಗಳು ವಾಸಿಸುವ ಇಡೀ ಲೈನಿನಲ್ಲಿ ಹುಚ್ಚಮ್ಮನ ಮಗ ಗುಂಡ ಒಬ್ಬನೇ ಎಂದು ಮ್ಯಾನೇಜರ್ ತೀರ್ಮಾನಿಸಿಬಿಟ್ಟಿದ್ದರು. ಓಟದಲ್ಲಿ ತಾಲೂಕಿಗೇ ಮೊದಲು ಬಂದದ್ದೇ ಅವನಿಗೆ ಮುಳುವಾಯಿತು ನೋಡಿ! ನಿನ್ನೆಯಿಂದ ಸ್ಟೇಷನ್ನಿನಲ್ಲಿದ್ದಾನೆ. ಇವತ್ತು ಮಧ್ಯಾಹ್ನ ಕೋರ್ಟಿಗೆ. ಒಮ್ಮೆ ಕಳ್ಳನೆನಿಸಿಕೊಂಡರೆ ಮುಗಿಯಿತು, ಸುತ್ತಮುತ್ತ ಯಾವ ಎಸ್ಟೇಟಿನಲ್ಲೂ ಕೆಲಸ ಸಿಗದು, ಲೈನಿನ ಮನೆಯನ್ನೂ ಬಿಡಬೇಕು.

ಸುಂಟಿಕೊಪ್ಪದ ಬಸ್ ನಿಲ್ದಾಣದ ಎದುರಿಗೆ ಅನುಶ್ರೀಯ ಅಂಗಡಿ. ಮದುವೆ ವಿಡಿಯೊ ಎಡಿಟ್ ಮಾಡುವುದು, ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸುವುದು ಅವಳ ಕೆಲಸ. ಗುಂಡ ಅವಳ ಜತೆಯಲ್ಲೇ ಬೆಳೆದವನು, ಅವನ ತಾಯಿಯನ್ನು ಅವಳು ಚಿಕ್ಕಂದಿನಿಂದಲೂ ಅತ್ತೆ ಎಂದೇ ಕರೆಯುತ್ತಿದ್ದಳು. ಅವಳ ಅಪ್ಪ ದೇವರಾಜು ಅದೇ ತೋಟದ ಮೇಸ್ತ್ರಿ. ಗುಂಡನನ್ನು ಹಿಡಿದೊಯ್ದಾಗಿನಿಂದ ಅಪ್ಪ ಅನ್ನ ಮುಟ್ಟಿಲ್ಲ. ಲೈನಿನ ಹುಡುಗನೊಬ್ಬನಿಗಾಗಿ ಅಪ್ಪ ಹೀಗೆ ಕೊರಗುವುದನ್ನು ಕಂಡು ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ಅವಳು ಮತ್ತೆ ನೋಡಿದಳು. ಕಣದ ಅಂಚಿನಲ್ಲಿ ಒಂದು ಕೋಳಿ. ಅದು ಕಾಳು ಹೆಕ್ಕುವ ರಭಸಕ್ಕೆ ಕತ್ತೇ ಕಾಣುತ್ತಿಲ್ಲ. ಯಾವ ಕೋಳಿ ಹೀಗೆ ಹೆಕ್ಕುತ್ತದೆ, ದೆವ್ವ ಮೆಟ್ಟಿದ ಹಾಗೆ?

ಓಡುತ್ತಿರುವುದು ವಿಡಿಯೊ. ಕಳ್ಳನಲ್ಲ.

ಕ್ಯಾಮೆರಾದ ಫೈಲನ್ನು ಮೊಬೈಲಿಗೆ ಹೊಂದುವ ಹಾಗೆ ಬದಲಿಸುವಾಗ ಇಂಥ ಎಡವಟ್ಟು ಆಗುವುದುಂಟು. ಆದರೆ ಆಗ ಚಿತ್ರವಷ್ಟೇ ಓಡುತ್ತದೆ. ಇಲ್ಲಿ ಸದ್ದೂ ಓಡಿದೆ, ಸೈರನ್ ಕೀರಲಾಗಿದೆ. ಚಿತ್ರದ ಮೂಲೆಯಲ್ಲಿ ಓಡಬೇಕಾದ ಸಮಯದ ಅಂಕಿಗಳನ್ನು ಯಾರೋ ಕತ್ತರಿಸಿ ತೆಗೆದಿದ್ದಾರೆ. ಇದು ತಪ್ಪಲ್ಲ, ಬೇಕೆಂದೇ ಮಾಡಿದ ಕೆಲಸ.

ಈ ವಿಡಿಯೊ ಇಳಿಸಿ ಪೊಲೀಸರಿಗೆ ಕೊಟ್ಟವರು ತೋಟದ ಲೆಕ್ಕ ಬರೆಯುವ ರೈಟರ್ ಪೂವಯ್ಯ, ಅಪ್ಪನ ಹಳೆಯ ಗೆಳೆಯ. ಸ್ಟೋರಿನ ಬೀಗದ ಕೈ ಇರುವುದೂ ಅವರ ಬಳಿ. ಅನುಶ್ರೀಗೆ ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಅಂಗಡಿಯ ಮುಂದೆ ಜೀಪು ನಿಂತಿತು. ಪೂವಯ್ಯ ಏದುಸಿರು ಬಿಡುತ್ತ ಒಳಗೆ ಬಂದರು.

“ಅನು, ಹುಚ್ಚಮ್ಮ ನಿನ್ನ ಹತ್ರ ಬಂದ್ಲು ಅಂತ ಕೇಳಿ ಓಡಿ ಬಂದೆ. ಆ ವಿಡಿಯೊ ಮುಟ್ಟಬೇಡ. ಗುಂಡನಿಗೆ ನಾನು ಜಾಮೀನು ನಿಲ್ತೀನಿ. ಸಂಜೆಯೊಳಗೆ ಮನೆಗೆ ಕರ್ಕೊಂಡು ಬರ್ತೀನಿ.”

“ಕದೀದೇ ಇರೋನಿಗೆ ಜಾಮೀನು ಯಾಕೆ ಅಂಕಲ್?”

“ಹೇಳಿದ್ದು ಕೇಳು ಮಗಳೇ.”

“ಸ್ಪೀಡ್ ಮಾಡಿದ್ದು ನೀವೇ ತಾನೇ?”

ಪೂವಯ್ಯ ಬಾಯಿ ತೆರೆದರು. ಹುಚ್ಚಮ್ಮನತ್ತ ನೋಡಿ ಮುಚ್ಚಿದರು. “ಗುಂಡನ ಹೆಸರು ಬರುತ್ತೆ ಅಂತ ನಾನು ಎಣಿಸಿರಲಿಲ್ಲ,” ಎಂದರು ಮೆಲ್ಲಗೆ. “ಇದನ್ನ ಇಲ್ಲಿಗೇ ಬಿಡು. ಇದರಿಂದ ನಿನಗೆ ಒಳ್ಳೇದಾಗಲ್ಲ.”

“ಹೆದರಿಸ್ತೀರಾ?”

ಅವಳು ಕುರ್ಚಿ ತಿರುಗಿಸಿ ಕೂತಳು. ಪರದೆಯತ್ತ ನೋಡಲೇ ಇಲ್ಲ, ಕಣ್ಣು ಮುಚ್ಚಿ ಸೈರನ್ನಿನ ತುಣುಕನ್ನಷ್ಟೇ ಕೇಳಿದಳು. ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಸದ್ದು ಅದು. ವೇಗ ತಗ್ಗಿಸಿದಳು. ಇನ್ನೂ ಕೀರಲು. ಮತ್ತಷ್ಟು ತಗ್ಗಿಸಿದಳು. ಈಗ ಸರಿ, ದಿನಾ ಸಂಜೆ ಕೇಳುವ ಅದೇ ಕೂಗು. ಇಡೀ ವಿಡಿಯೊಗೆ ಅದೇ ವೇಗ ಕೊಟ್ಟು ಸೇವ್ ಮಾಡಿದಳು.

“ಅನು, ಬೇಡ!” ಪೂವಯ್ಯ ಕೈಚಾಚಿದರು. ಹುಚ್ಚಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಕಳ್ಸವ್ವ ನೀನು. ನನ್ ಮಗನ್ನ ಕೋರ್ಟಿಗೆ ಹತ್ತಿಸೋಕೆ ಮುಂಚೆ ಕಳ್ಸು!”

ಸಬ್‌ಇನ್‌ಸ್ಪೆಕ್ಟರರ ವಾಟ್ಸಾಪಿಗೆ ವಿಡಿಯೊ ಹೋಯಿತು. ಎರಡು ಟಿಕ್ ಬಿತ್ತು, ಮರುಗಳಿಗೆ ನೀಲಿಯಾಯಿತು. ಅನುಶ್ರೀ ಗೆದ್ದವಳಂತೆ ಪೂವಯ್ಯನವರತ್ತ ತಿರುಗಿದಳು.

ಅವರು ಗಿರಾಕಿಗಳ ಬೆಂಚಿನ ಮೇಲೆ ಕುಸಿದು ಕೂತಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ಭಯವೂ ಇರಲಿಲ್ಲ. “ಒಂದ್ಸಲ ಪೂರ್ತಿ ನೋಡಿ ಕಳಿಸಬಾರದಾಗಿತ್ತಾ ಮಗಳೇ?” ಎಂದರು.

ಆ ದನಿ ಕೇಳಿ ಅವಳು ಸರ್ರನೆ ಪರದೆಯತ್ತ ತಿರುಗಿದಳು. ಹೆಡ್‌ಫೋನ್ ಏರಿಸಿ ವಿಡಿಯೊ ಹಾಕಿದಳು.

ಸೈರನ್ ಕೂಗಿ ನಿಂತಿತು. ಕೋಳಿ ನಿಧಾನವಾಗಿ ಹೆಕ್ಕತೊಡಗಿತು. ಮುಸುಕಿನವನು ಓಡಲಿಲ್ಲ. ನಡೆದ, ಅದೂ ಕಾಲೆಳೆದುಕೊಂಡು. ಕಣದ ನಡುವೆ ನಿಂತು ಮೂಟೆಯನ್ನು ಹೆಗಲು ಬದಲಿಸಿದ. ಮೊದಲು ಕುಂಯ್ ಎಂದು ಕೇಳಿಸಿದ್ದ ಜಾಗ ಬಂತು. ಅದು ಹಕ್ಕಿಯೂ ಅಲ್ಲ, ಬಾಗಿಲೂ ಅಲ್ಲ, ದಣಿದ ಗಂಡಸಿನ ನರಳಾಟ: “ಅಯ್ಯೋ ನನ್ ಶಿವನೇ...”

ಅನುಶ್ರೀ ಹೆಡ್‌ಫೋನ್ ತೆಗೆದಿಟ್ಟಳು.

“ಯಾರಂತವ್ವ? ಗುರುತು ಸಿಕ್ತಾ?” ಹುಚ್ಚಮ್ಮ ಆಸೆಯಿಂದ ಅವಳ ಭುಜ ಹಿಡಿದಳು.

“ನಮ್ಮಪ್ಪ,” ಎಂದಳು ಅನುಶ್ರೀ.