ಮೂವತ್ತೊಂಬತ್ತು ಹಾಸಿಗೆಗಳು

ನರ್ಸಿಂಗ್ ಕಾಲೇಜಿನಲ್ಲಿ ಸೋಮವಾರ ನೆನಪಿನ ಟೊಪ್ಪಿಗೆಯ ತರಗತಿ. ಸಿಸ್ಟರ್ ಎಸ್ತರಮ್ಮ ಸಂಶೋಧನೆಗೆ ಕೊಟ್ಟಿದ್ದ ನೆನಪನ್ನು ಆ ಟೊಪ್ಪಿಗೆಯಲ್ಲಿ ತೊಟ್ಟು, ಹುಡುಗಿಯರು ಅವಳೆದುರೇ ಒಬ್ಬೊಬ್ಬರಾಗಿ ಅವಳಾಗುತ್ತಿದ್ದರು. ಹಿಂದೊಮ್ಮೆ ಅವಳ ಡ್ಯೂಟಿಯಲ್ಲಿ ಉಳಿಯದೆ ಹೋದ ಕೂಸು ಮತ್ತೆ ಮತ್ತೆ ಸಾಯುತ್ತಿತ್ತು.

ಟೊಪ್ಪಿಗೆ ತೆಗೆದ ಮಾದೇವಿ ಕಣ್ಣೊರೆಸಿಕೊಂಡು ಸಿಡಿದಳು. "ಅಕ್ಕಾರ, ಖಾಲಿ ವಾರ್ಡಿನ್ಯಾಗ ಒಂದ ಕೂಸಿತ್ತು. ಓಡಿ ಬರಾಕ ನಿಮಗೇನ್ ಧಾಡಿಯಾಗಿತ್ರಿ?"

"ಖಾಲಿ?" ಎಸ್ತರಮ್ಮ ತರಗತಿ ನಡೆಸುತ್ತಿದ್ದ ಪ್ರೊಫೆಸರರತ್ತ ತಿರುಗಿದಳು. "ಉಳಿದ ಮೂವತ್ತೊಂಬತ್ತು ಹಾಸಿಗಿ ಎಲ್ಲಿ ಹೋದ್ವು ಸರ? ಅವತ್ತು ಅಷ್ಟಕ್ಕೂ ನಾ ಒಬ್ಬಾಕಿನ ಇದ್ದೆ."

"ಅವಕ್ಕೂ ಘಟನೆಗೂ ಸಂಬಂಧವಿಲ್ಲ ಸಿಸ್ಟರ್. ನೆನಪಿನಿಂದ ತೆಗೆದಿದ್ದೇವೆ."

ಎಸ್ತರಮ್ಮ ಟೊಪ್ಪಿಗೆ ತೊಟ್ಟಳು. ಬೇರೆ ಯಾರೂ ಕರೆಯದ ವಾರ್ಡಿನಲ್ಲಿ ಕೂಸು ಉಸಿರಿಗಾಗಿ ಒದ್ದಾಡುತ್ತಿತ್ತು. ಈ ಸಲವಾದರೂ ಓಡಬೇಕೆಂದುಕೊಂಡಳು. ಕಾಲುಗಳು ಮಾತ್ರ ಅಂದಿನಂತೆಯೇ, ಈಗಿಲ್ಲದ ಒಂದೊಂದು ಹಾಸಿಗೆಯ ಬಳಿಯೂ ನಿಂತು ನಿಂತು ಬಂದವು.